ಎಲ್ಲವೂ ಡಿಜೆ ಅಲ್ಲ, ಸ್ವಾಮಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಬಂತೆಂದರೆ ಪತ್ರಿಕೆಗಳಲ್ಲಿ 'ಡಿಜೆಗೆ ನಿರ್ಬಂಧ' ಅನ್ನುವ ಸುದ್ದಿ ತಪ್ಪುವುದಿಲ್ಲ. ಲಾರಿ ಮೇಲೆ ಆಳೆತ್ತರದ ಸ್ಪೀಕರ್ ಪೇರಿಸಿ ಕಿಟಕಿ ಗಾಜು ಅದುರುವ ಹಾಗೆ ಸಿನಿಮಾ ಹಾಡು ಹಾಕುವುದು ನಿಂತರೆ ನನಗೂ ಸಂತೋಷವೇ, ನಮ್ಮಮ್ಮನಿಗೆ ಬಿಪಿ ಇದೆ. ನನ್ನ ತಕರಾರು ಆ ಪದದ್ದು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಮುಂದೆ ಯಾರೇ ನಿಂತರೂ ನೀವು ಅವರನ್ನು ಡಿಜೆ ಅಂತ ಬರೆದು ಮುಗಿಸುತ್ತೀರಿ. ಮನೆಯಲ್ಲೂ ಇದೇ ಕಥೆ. ನಾನು ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಾಕು, "ಶುರುವಾಯ್ತು ನಿಮ್ಮ ಡಿಜೆ" ಅಂತಾಳೆ ಹೆಂಡತಿ.

ಡಿಜೆ ಆದವರು ಇರುವ ರೆಕಾರ್ಡುಗಳನ್ನು ಆರಿಸಿ, ಒಂದಕ್ಕೊಂದು ಹೊಂದಿಸಿ ಹಾಕುತ್ತಾರೆ. ಅದೂ ಸುಲಭದ ಕೆಲಸವಲ್ಲ. ಆದರೆ ಲೈವ್ ಆಕ್ಟ್ ಬೇರೆ. ಅಲ್ಲಿ ತಮ್ಮದೇ ಹಾಡನ್ನು ಬಿಚ್ಚಿ, ಡ್ರಮ್ ಒಂದು ಕಡೆ, ಬೇಸ್ ಅನ್ನುವ ತಗ್ಗು ದನಿ ಒಂದು ಕಡೆ ಇಟ್ಟುಕೊಂಡು ಜನರೆದುರೇ ಮತ್ತೆ ಕಟ್ಟುತ್ತಾರೆ. ಜನ ಕುಣಿಯುತ್ತಿದ್ದರೆ ಎಳೆಯುತ್ತಾರೆ, ಸುಸ್ತಾದರೆ ಇಳಿಸುತ್ತಾರೆ. ಯಕ್ಷಗಾನದಲ್ಲಿ ಭಾಗವತರು ವೇಷದವರ ಕುಣಿತ ನೋಡಿಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದಿಲ್ವಾ, ಹಾಗೆ.

ನನಗೆ ಈ ಹುಚ್ಚು ಹಿಡಿಸಿದ್ದು ಇಂಗ್ಲೆಂಡಿನ ಆರ್ಬಿಟಲ್ ತಂಡ. ಪಾಲ್ ಮತ್ತು ಫಿಲ್ ಹಾರ್ಟ್‌ನಾಲ್ ಅನ್ನುವ ಅಣ್ಣತಮ್ಮಂದಿರು. ಲಂಡನ್ ಸುತ್ತುವ ಎಂ25 ರಸ್ತೆಯಿಂದ ಬಂದ ಹೆಸರು (ನಮ್ಮವರು ಹಾಗೆ ರಸ್ತೆ ನೋಡಿ ಹೆಸರಿಟ್ಟುಕೊಂಡರೆ 'ಸಿಲ್ಕ್ ಬೋರ್ಡ್' ಅಂತಾಗುತ್ತೆ, ತಾಳ ಮುಂದಕ್ಕೇ ಹೋಗಲ್ಲ). 1994ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಅವರು ನುಡಿಸಿದ್ದರ ವಿಡಿಯೋ ಸಿಗುತ್ತೆ, ನೋಡಿ. ಕತ್ತಲೆಯ ವೇದಿಕೆ, ಇಬ್ಬರ ತಲೆಯಲ್ಲೂ ಕಣ್ಣಿನ ಆಚೆ ಈಚೆ ಒಂದೊಂದು ಪುಟ್ಟ ಟಾರ್ಚ್. ಅದು ಸ್ಟೈಲಿಗೆ ಶುರುವಾದದ್ದಲ್ಲ. ಎರಡೂ ಕೈ ಬಟನ್, ತಿರುಪುಗಳ ಮೇಲೆ ಇರುವಾಗ ಬೆಳಕು ಹಿಡಿಯೋರು ಯಾರು? ತಲೆ ಅಲ್ಲಾಡಿದಂತೆಲ್ಲ ಆ ನಾಲ್ಕು ಚುಕ್ಕೆಗಳೂ ತಾಳಕ್ಕೆ ಅಲ್ಲಾಡುತ್ತವೆ. ಅದೇ ವರ್ಷ ಬ್ರಿಟನ್ ಸರ್ಕಾರ ಬಯಲಿನ ರೇವ್‌ಗಳನ್ನು (ರಾತ್ರಿಯಿಡೀ ಕುಣಿಯುವ ಕೂಟಗಳು) ತಡೆಯೋಕೆ ಒಂದು ಕಾನೂನು ತಂದು, 'ಒಂದೇ ಸಮನೆ ಮರುಕಳಿಸುವ ಬಡಿತ' ಇರುವ ಸಂಗೀತ ಅಂತ ಅದರಲ್ಲೇ ಬರೆದುಬಿಟ್ಟಿತು. ಅದಕ್ಕೆ ಆರ್ಬಿಟಲ್ ಕೊಟ್ಟ ಉತ್ತರ ಸುಮಾರು ನಾಲ್ಕು ನಿಮಿಷದ ಒಂದು ಟ್ರ್ಯಾಕ್. ಪೂರ್ತಿ ಮೌನ!

ಇದೆಲ್ಲ ಬಿಳಿಯರ ಸಂಗೀತ, ನಮಗ್ಯಾಕೆ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದರು. ಅವರಿಗೆ ಚರಣ್‌ಜಿತ್ ಸಿಂಗ್ ಕೇಳಿಸಿದೆ. ಮುಂಬೈಯ ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಅನ್ನುವ ಬೇಸ್ ಯಂತ್ರ, ಟಿಆರ್-808 ಅನ್ನುವ ಡ್ರಮ್ ಯಂತ್ರಗಳ ಮೇಲೆ ಭೈರವ್, ಯಮನ್, ಮಾಲ್‌ಕೌಂಸ್ ಅಂತ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಆಲ್ಬಂ ಮಾಡಿದರು. ಯಾರೂ ಕೊಳ್ಳಲಿಲ್ಲ. ಅದೇ 303ರಿಂದ ಷಿಕಾಗೋ ಹುಡುಗರು ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಕಟ್ಟಿ ಹೆಸರು ಮಾಡಿದ್ದು ಆಮೇಲೆ, 1987ರಲ್ಲಿ. 2010ರಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾಗಿ ಯೂರೋಪಿನವರು ಬಾಯಿ ಬಿಟ್ಟುಕೊಂಡು ಕೇಳಿದರು. ಆ ಇಳಿವಯಸ್ಸಿನಲ್ಲಿ ಅವರು ಅಲ್ಲಿಗೆ ಹೋಗಿ ವೇದಿಕೆಯ ಮೇಲೆ ನುಡಿಸಿದರು. 2015ರಲ್ಲಿ ತೀರಿಕೊಂಡರು. ನಮ್ಮ ಆಫೀಸಿನವರು ಯಮನ್ ಎರಡು ಸಲ ಹಾಕಿಸಿಕೊಂಡರು, ಮತ್ತೆ ಆ ಪ್ರಶ್ನೆ ಕೇಳಿಲ್ಲ.

ಹೊಸ ಆಲ್ಬಂಗಳೂ ಸಿನಿಮಾದ ಹಾಗೆ ಶುಕ್ರವಾರವೇ ಬರುತ್ತವೆ, ಗೊತ್ತಾ? ಸಿನಿಮಾಕ್ಕೆ ನಿಮ್ಮಲ್ಲಿ ಇಡೀ ಪುಟ, ಇವಕ್ಕೆ ಒಂದು ಸಾಲೂ ಇಲ್ಲ. 2024 ಅಂತೂ ನನ್ನಂಥವರಿಗೆ ಹಬ್ಬವಾಗಿತ್ತು. ಸುಮಾರು ಏಳೂವರೆ ವರ್ಷದ ಮೇಲೆ ಫ್ರಾನ್ಸಿನ ಜಸ್ಟಿಸ್ ಜೋಡಿಯ ಆಲ್ಬಂ, ಒಂಬತ್ತು ವರ್ಷ ಕಾಯಿಸಿ ಬ್ರಿಟನ್ನಿನ ಜೇಮಿ ಎಕ್ಸ್‌ಎಕ್ಸ್ ಅವರದು, ಅಕ್ಟೋಬರಿನಲ್ಲಿ ಅಲ್ಲಿಯದೇ ಅಂಡರ್‌ವರ್ಲ್ಡ್ ತಂಡದ್ದು. ಅಂಡರ್‌ವರ್ಲ್ಡ್‌ನ ಕಾರ್ಲ್ ಹೈಡ್‌ಗೆ ಆಗ 67 ವರ್ಷ. ನಮ್ಮಪ್ಪ ಆ ವಯಸ್ಸಿಗೆ ಮೆಟ್ಟಿಲು ಹತ್ತೋದು ಬಿಟ್ಟಿದ್ದರು, ಈ ಮನುಷ್ಯ ವೇದಿಕೆ ತುಂಬ ಕುಣಿಯುತ್ತಾರೆ. ಜೇಮಿಯದು ನನಗೆ ಅಷ್ಟೇನೂ ಹಿಡಿಸಲಿಲ್ಲ, ಅತಿಥಿಗಳು ಜಾಸ್ತಿಯಾದ ಮದುವೆ ಮನೆ ಥರ ಇತ್ತು.

ಒಂದು ಬೇಜಾರು ಹೇಳಲೇಬೇಕು. ಹೋದ ಚಳಿಗಾಲದಲ್ಲಿ ಊರಾಚೆ ಒಂದು ಬಯಲು ಕಾರ್ಯಕ್ರಮಕ್ಕೆ ಹೋಗಿದ್ದೆ. ಟಿಕೆಟ್ ಮೇಲೆ ಆರು ಗಂಟೆ, ಮುಖ್ಯ ತಂಡ ವೇದಿಕೆಗೆ ಬಂದದ್ದು ಒಂಬತ್ತೂಕಾಲಿಗೆ. ಬೇಸ್ ಮೆಲ್ಲಗೆ ಏರಿ, ಇನ್ನೇನು ಡ್ರಮ್ ಬೀಳಬೇಕು ಅನ್ನುವಷ್ಟರಲ್ಲಿ ಹತ್ತು ಗಂಟೆ ಆಯ್ತು. ಸೌಂಡ್ ಕಟ್. ಎಲ್ಲರೂ ಪೊಲೀಸರನ್ನು ಬೈದರು. ನಾನು ಬೈಯಲ್ಲ. ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಇಲ್ಲ ಅನ್ನೋದು 2000ದಿಂದ ಇರುವ ನಿಯಮ, ಆಯೋಜಕರಿಗೆ ಗೊತ್ತಿಲ್ವಾ? ಮೂರು ಗಂಟೆ ಸುಮ್ನೆ ಧೂಳಲ್ಲಿ ನಿಲ್ಲಿಸಿದ್ದು ಅವರೇ. ಮರುದಿನ ಸುದ್ದಿ ಏನಂತ ಬಂತು? 'ತಡರಾತ್ರಿ ಡಿಜೆ ಪಾರ್ಟಿಗೆ ತಡೆ'.

ಶುಕ್ರವಾರದ ಸಿನಿಮಾ ಪುಟದ ಮೂಲೆಯಲ್ಲಿ ಎರಡು ಇಂಚು ಜಾಗ ಕೊಡಿ ಸಾಕು. ಆ ವಾರ ಬಂದ ಒಂದು ಆಲ್ಬಂ, ಊರಿಗೆ ಬರುತ್ತಿರುವ ಒಂದು ತಂಡ, ಅಷ್ಟೇ. ಬರೆಯುವವರು ಇಲ್ಲದಿದ್ದರೆ ನಾನೇ ಬರೆದು ಕಳಿಸುತ್ತೇನೆ, ದುಡ್ಡು ಬೇಡ. ಅನುಮಾನ ಇದ್ದರೆ ಒಂದು ಭಾನುವಾರ ನಿಮ್ಮ ವರದಿಗಾರರನ್ನು ಮನೆಗೆ ಕಳಿಸಿ. ಹೆಡ್‌ಫೋನ್ ಎರಡಿವೆ.

ಇಂತಿ,
ನಿಮ್ಮ ಓದುಗ
ಬೆಂಗಳೂರು