ಲಿಪ್ಪನ್ ಕಲೆ: ಹಲಗೆಗಿಂತ ಮೊದಲು ಗೋಡೆ

ಮಾನ್ಯ ಸಂಪಾದಕರೇ,

ಮಣ್ಣಿನ ಎಳೆ, ಕನ್ನಡಿ ಬಿಲ್ಲೆಗಳಿಂದ ಗೋಡೆಯ ಮೇಲೆ ಉಬ್ಬುಚಿತ್ರ ಮೂಡಿಸುವ ಲಿಪ್ಪನ್ ಕಲೆಯ ತರಗತಿಗಳು ಈಗ ನಮ್ಮ ಊರುಗಳಲ್ಲೂ ನಡೆಯುತ್ತಿವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಅಂಗಡಿಯ ರೆಡಿಮೇಡ್ ಕ್ಲೇ, ಒಂದು ಪೊಟ್ಟಣ ಕನ್ನಡಿ ಬಿಲ್ಲೆ ಇದ್ದರೆ ನವಿಲು ಸಿದ್ಧ. ಕಲಿಯುವವರ ಉತ್ಸಾಹ ಸಂತೋಷದ್ದೇ. ಆದರೆ ಈ ಕಲೆ ಯಾವ ಮನೆಯ ಗೋಡೆಯದು ಎಂಬುದನ್ನೂ ಹೇಳಿಕೊಡಬೇಕು.

ಗುಜರಾತಿನ ಕಛ್‌ನಲ್ಲಿ, ರಣ್ ಎಂಬ ಉಪ್ಪಿನ ಮರುಭೂಮಿಯ ಅಂಚಿನ ಬನ್ನಿ ಹುಲ್ಲುಗಾವಲಿನ ಹಳ್ಳಿಗಳಲ್ಲಿ ‘ಭುಂಗಾ’ ಎಂಬ ದುಂಡು ಮನೆಗಳಿವೆ. ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಶಂಕುವಿನಾಕಾರದ ಹುಲ್ಲಿನ ಸೂರು. ಬಿಸಿಗಾಳಿ ನುಗ್ಗದಂತೆ ಕಿಟಕಿಗಳನ್ನು ಚಿಕ್ಕದಾಗಿ ಇಡುತ್ತಾರೆ. ಒಳಗಿನ ಮಬ್ಬಿನಲ್ಲಿ ಬಾಗಿಲ ಬೆಳಕನ್ನೂ ದೀಪದ ಬೆಳಕನ್ನೂ ಹರಡುವುದು ಗೋಡೆಯ ಕನ್ನಡಿಗಳು. ಗೋಡೆಗೆ ಮೂಲೆಗಳಿಲ್ಲ, ಸೂರು ಹಗುರ. ಆದ್ದರಿಂದಲೇ 2001ರ ಜನವರಿ 26ರ ಭೂಕಂಪದಲ್ಲಿ ಸುತ್ತಲಿನ ಕಲ್ಲಿನ ಮನೆಗಳು ಕುಸಿದರೂ ಚೆನ್ನಾಗಿ ಕಟ್ಟಿದ ಎಷ್ಟೋ ಭುಂಗಾಗಳು ಉಳಿದವು.

ಚಿತ್ರ ಮೂಡಿಸುವವರು ಮನೆಯ ಹೆಂಗಸರು. ಮುತ್ವಾ ಸಮುದಾಯದವರ ಗೋಡೆಯಲ್ಲಿ ರೇಖೆ, ತ್ರಿಕೋನ, ವೃತ್ತಗಳೇ ಹೆಚ್ಚು; ಪಶುಪಾಲಕ ರಬಾರಿಗಳಲ್ಲಿ ನವಿಲು, ಒಂಟೆ, ಮರ, ಮಜ್ಜಿಗೆ ಕಡೆಯುವ ಹೆಣ್ಣು ಬರುತ್ತವೆ. ಈ ವ್ಯತ್ಯಾಸವನ್ನೂ ನಮ್ಮ ತರಗತಿಗಳು ಕಲಸುಮೇಲೋಗರ ಮಾಡಿಬಿಟ್ಟಿವೆ.

ಮಣ್ಣಿನಲ್ಲೇ ಮಾಡಬಯಸುವವರಿಗೆ ಹದ ಹೀಗಿದೆ. ಜೇಡಿಮಣ್ಣನ್ನು ಪುಡಿಮಾಡಿ ಸಣ್ಣ ಜರಡಿ ಹಿಡಿಯಿರಿ. ಅಲ್ಲಿನವರು ಒಂಟೆ ಅಥವಾ ಕತ್ತೆಯ ಲದ್ದಿ ಬಳಸುತ್ತಾರೆ. ನಮ್ಮಲ್ಲಿ ಒಣಗಿಸಿ ಜರಡಿ ಹಿಡಿದ ಹಸುವಿನ ಸಗಣಿ ಸಾಕು. ಎರಡನ್ನೂ ಸಮಸಮ ಬೆರೆಸಿ, ಚಪಾತಿ ಹಿಟ್ಟಿನಂತೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡಿ. ಮಣ್ಣು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಹಿಡಿದಿಡುವುದು ಸಗಣಿಯ ನಾರು. ಸಗಣಿ ಹೆಚ್ಚಾದರೆ ಎಳೆ ಉದುರುತ್ತದೆ.

ಅಂಗೈಗಳ ನಡುವೆ ಅರ್ಧ ಸೆಂಟಿಮೀಟರ್ ದಪ್ಪದ ಬತ್ತಿ ಹೊಸೆಯಿರಿ. ಕೂರಿಸುವ ಜಾಗವನ್ನು ಮೊದಲು ತೇವ ಮಾಡಲೇಬೇಕು. ಒಣ ಗೋಡೆ ಬತ್ತಿಯ ನೀರನ್ನು ಹೀರಿಕೊಳ್ಳುತ್ತದೆ, ಮರುದಿನ ಬತ್ತಿ ಇಡಿಯಾಗಿ ಕಳಚಿ ಬೀಳುತ್ತದೆ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಬತ್ತಿಯ ಎರಡೂ ಅಂಚನ್ನು ಒದ್ದೆ ಬೆರಳಿಂದ ಒತ್ತಿ ಗೋಡೆಗೆ ಬೆಸೆಯಿರಿ. ಕನ್ನಡಿಯ ಕೆಳಗೆ ಸಣ್ಣ ಮಣ್ಣಿನ ಉಂಡೆಯಿಟ್ಟು ಒತ್ತಿರಿ. ಸುತ್ತ ಹಾಕುವ ಬತ್ತಿ ಗಾಜಿನ ಅಂಚಿನ ಮೇಲೆ ಸ್ವಲ್ಪ ಏರಬೇಕು. ಇಲ್ಲದಿದ್ದರೆ ಮಣ್ಣು ಒಣಗಿ ಕುಗ್ಗಿದಾಗ ಬಿಲ್ಲೆ ಜಾರುತ್ತದೆ. ಬಿಸಿಲು, ಫ್ಯಾನ್ ಬೇಡ, ನೆರಳಲ್ಲೇ ಒಣಗಲಿ. ಕೂದಲೆಳೆಯ ಬಿರುಕುಗಳನ್ನು ಅದೇ ಮಣ್ಣನ್ನು ನೀರಾಗಿ ಕಲಸಿ ತುಂಬಿ, ಕೊನೆಗೆ ಬಿಳಿ ಮಣ್ಣು ಸಾರಿಸಿ. ಅಲ್ಲಿನ ಗೋಡೆಗಳ ಸೊಗಸು ಆ ಬಿಳಿಯಲ್ಲೇ ಇದೆ. ಹತ್ತು ಬಣ್ಣ ಬಳಿದರೆ ಎಳೆಯ ನೆರಳು ಕಾಣದೆ ಹೋಗುತ್ತದೆ.

ಪೇಂಟ್ ಬಳಿದ ಸಿಮೆಂಟ್ ಗೋಡೆಗೆ ಇದು ಕಚ್ಚುವುದಿಲ್ಲ. ಎಂಡಿಎಫ್ ನೀರಿಗೆ ಉಬ್ಬುತ್ತದೆ. ಮರದ ಹಲಗೆಗೆ ಗೋಣಿಬಟ್ಟೆ ಬಿಗಿದು ಮೊಳೆ ಹೊಡೆದು, ತೆಳುವಾಗಿ ಮಣ್ಣು ಮೆತ್ತಿಕೊಂಡರೆ ಒಳ್ಳೆಯ ನೆಲೆ ಸಿಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸ ಹಿಡಿಯದಿರುವುದು ಲೇಸು.

ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದ ಎಳೆಗಳನ್ನು ಈ ಬತ್ತಿಯಲ್ಲಿ ಮೂಡಿಸಿ ನೋಡಬಹುದು. ರಬಾರಿ ನವಿಲನ್ನು ಅಚ್ಚಿನಲ್ಲಿ ನಕಲು ಮಾಡುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ. ಗೃಹಾಲಂಕಾರದ ಪುಟದಲ್ಲಿ ಇಂಥ ಚಿತ್ರ ಹಾಕುವಾಗ ಊರು, ಸಮುದಾಯದ ಹೆಸರನ್ನೂ ಅಡಿಯಲ್ಲಿ ಮುದ್ರಿಸಬೇಕೆಂದು ಕೋರುತ್ತೇವೆ.

– ಭಿತ್ತಿಕಲೆ ಶಿಕ್ಷಕರು, ಶಿವಮೊಗ್ಗ