ಬೀಗ ಹಾಕಿದ ಟರ್ಫ್‌ನಲ್ಲಿ ಯಾರು ಆಡಬೇಕು? ಕ್ರೀಡಾ ಸಚಿವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ. ನಾನು ಕೊಡಗಿನ ಒಬ್ಬ ಸಣ್ಣ ಬೆಳೆಗಾರ್ತಿ. ಸ್ವಲ್ಪ ಕಾಫಿ, ಸ್ವಲ್ಪ ಕಾಳುಮೆಣಸು ಇದೆ. ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ, ಹಾಕಿ ಆಡುತ್ತಾಳೆ. ಅರ್ಜಿ ಕೊಟ್ಟು, ಕಾದು, ಮತ್ತೆ ಅರ್ಜಿ ಕೊಟ್ಟು ಸಾಕಾಗಿದೆ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಕೇಳುವುದು ಮೂರೇ ವಿಷಯ. ಕೊಡಗಿನ ಪ್ರತಿಯೊಂದು ಸರ್ಕಾರಿ ಕೃತಕ ಹುಲ್ಲಿನ ಹಾಕಿ ಮೈದಾನಕ್ಕೂ, ಅಂದರೆ ಟರ್ಫ್‌ಗೂ ಖಾಯಂ ಕೋಚ್ ಕೊಡಿ. ಅದರ ನಿರ್ವಹಣೆಗೆ ಪ್ರತಿ ವರ್ಷ ಬಜೆಟ್‌ನಲ್ಲೇ ಹಣ ಇಡಿ. ಟರ್ಫ್ ಮೇಲೆ ಪಕ್ಷಗಳ ಕಾರ್ಯಕ್ರಮ ನಡೆಯದ ಹಾಗೆ ಆದೇಶ ಮಾಡಿ.

ಕಳೆದ ಡಿಸೆಂಬರ್‌ನಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ರಾಜ್ಯ ಮಟ್ಟದ ಆಯ್ಕೆ ಹತ್ತಿರ ಬಂದಿತ್ತು. ನಮಗೆ ಅದು ಕಾಫಿ ಕೊಯ್ಲಿನ ಸಮಯ, ಆಳು ಸಿಗದೆ ಪರದಾಡುವ ದಿನಗಳು. ಆದರೂ ಬೆಳಗ್ಗೆ ಕತ್ತಲಲ್ಲೇ ಎದ್ದು ಮಗಳನ್ನೂ ಅವಳ ಗೆಳತಿಯನ್ನೂ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಗೆಳತಿ ಪಕ್ಕದ ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲು ಮನೆಯ, ಯರವ ಆದಿವಾಸಿ ಹುಡುಗಿ. ಇಬ್ಬರಲ್ಲಿ ಚೆನ್ನಾಗಿ ಆಡುವವಳು ಅವಳೇ, ನನ್ನ ಮಗಳೇ ಹಾಗೆ ಹೇಳುತ್ತಾಳೆ.

ಆ ದಿನ ಹೋಗಿ ನೋಡಿದರೆ ಗೇಟಿಗೆ ಬೀಗ. ಒಳಗೆ ಟರ್ಫ್ ಮೇಲೇ ಶಾಮಿಯಾನ ಎದ್ದಿದೆ. ಯಾವುದೋ ರಾಜಕೀಯ ಕಾರ್ಯಕ್ರಮ. ಗೂಟ ಹೊಡೆಯಲು ನೆಲ ಬೇಕಲ್ಲ, ಕಾರ್ಪೆಟ್ ತೂತು ಮಾಡಿ ಕಬ್ಬಿಣದ ಗೂಟ ಹೊಡೆದಿದ್ದರು. ಗೋಲ್ ಪೋಸ್ಟ್ ಪಕ್ಕದಲ್ಲಿ ಅಡುಗೆಯವರ ಒಲೆ ಉರಿಯುತ್ತಿತ್ತು. ಕುರ್ಚಿ ಹೊತ್ತ ಲಾರಿ ಸೀದಾ ಗೋಲ್ ಮುಂದಿನ ಸರ್ಕಲ್ ಗೆರೆಯ ತನಕ ಬಂದು ನಿಂತಿತ್ತು. ನಾವು ಆ ಮಕ್ಕಳಿಗೆ ಚಪ್ಪಲಿ ಹಾಕಿಕೊಂಡು ಟರ್ಫ್ ಮೇಲೆ ಕಾಲಿಡಬೇಡಿ ಎಂದು ಹೇಳಿಕೊಟ್ಟಿದ್ದೇವೆ! ಕೇಳಿದರೆ ವಾಚ್‌ಮನ್ "ಮೇಲಿಂದ ಹೇಳಿದ್ದಾರೆ ಅಕ್ಕ, ನಾನೇನು ಮಾಡಲಿ" ಎಂದ. ಪಾಪ, ಅವನ ತಪ್ಪಲ್ಲ.

ಮಕ್ಕಳು ಸ್ಟಿಕ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದರು. ಆಯ್ಕೆಗೆ ಮುಂಚೆ ಎಷ್ಟೋ ದಿನ ಅಭ್ಯಾಸ ಇಲ್ಲ. ಮತ್ತೆ ಗೇಟ್ ತೆರೆದಾಗ ಕಾರ್ಪೆಟ್ ಜೋಡಣೆಯ ಅಂಚು ಅಲ್ಲಲ್ಲಿ ಎದ್ದಿತ್ತು, ತೂತುಗಳು ಹಾಗೇ ಇದ್ದವು. ಎದ್ದ ಆ ಅಂಚಿಗೆ ಕಾಲು ಸಿಕ್ಕಿ ಗೆಳತಿ ಬಿದ್ದಳು, ಮಣಿಕಟ್ಟು ಮುರಿಯಿತು. ಅವಳು ಆಯ್ಕೆಗೆ ಹೋಗಲೇ ಇಲ್ಲ. ಅವಳ ಅಮ್ಮನಿಗೆ ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿ ಇಲ್ಲ. ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ರಿಪೇರಿ ಮಾಡಿಸಿ ಎಂದು ಸಂಬಂಧಪಟ್ಟ ಕಚೇರಿಗೆ ಹೋದರೆ ಸಿಕ್ಕ ಉತ್ತರ ಏನು ಗೊತ್ತಾ ಸಾರ್? "ರಿಪೇರಿಗೆ ಫಂಡ್ ಇಲ್ಲ. ಕಾರ್ಯಕ್ರಮ ಮಾಡಿದವರನ್ನೇ ಕೇಳಿ."

ಆಟದ ಮೈದಾನವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಏನೇನು ನೋಡಬೇಕು, ಯಾರು ಸಹಿ ಹಾಕಬೇಕು ಎಂಬುದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಹುಡುಗಿಯ ಒಂದು ವರ್ಷ ಹೋಯಿತು. ಅದನ್ನು ಯಾರು ವಾಪಸ್ ಕೊಡುತ್ತಾರೆ?

ಇನ್ನು ವೇದಿಕೆ ಮೇಲೆ ನಿಂತವರೆಲ್ಲ ಹೇಳುವ ಒಂದು ಮಾತಿದೆ. ಕೊಡಗಿನವರ ರಕ್ತದಲ್ಲೇ ಹಾಕಿ ಇದೆ ಅಂತ. ಮೊದಮೊದಲು ಕೇಳಿ ಖುಷಿ ಆಗುತ್ತಿತ್ತು. ಈಗ ಸಿಟ್ಟು ಬರುತ್ತದೆ. ರಕ್ತದಲ್ಲೇ ಇದ್ದರೆ ಸರ್ಕಾರ ಏನೂ ಮಾಡಬೇಕಾಗಿಲ್ಲ, ಅಲ್ವಾ?

ಲೆಕ್ಕ ನೋಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ನಮ್ಮ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದರು. 1975ರಲ್ಲಿ ವಿಶ್ವಕಪ್ ಗೆದ್ದಾಗಲೂ ಗೋವಿಂದ ಇದ್ದರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ, 1988ರಲ್ಲಿ ಅವರೇ ನಾಯಕ. 2016ರ ರಿಯೊಗೆ ಹೋದ 16 ಜನರ ತಂಡದಲ್ಲಿ ಎಸ್.ವಿ. ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ಕೊಡಗಿನ ನಾಲ್ವರು. ಆಮೇಲೆ? ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲಿ ಕೊಡಗಿನವರು ಒಬ್ಬರೂ ಇಲ್ಲ. 2024ರ ಪ್ಯಾರಿಸ್‌ನಲ್ಲೂ ಇಲ್ಲ. ಇಷ್ಟು ಬೇಗ ರಕ್ತ ಬದಲಾಯಿತಾ ಸಾರ್?

ಬದಲಾದದ್ದು ಬೇರೆ. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ಹಾಕಿ ಮೊದಲ ಸಲ ಕೃತಕ ಟರ್ಫ್ ಮೇಲೆ ನಡೆಯಿತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಅಲ್ಲಿಂದ ಇದು ಹಣ ಬೇಡುವ ಆಟ ಆಯಿತು. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುವ ರೀತಿ ಬೇರೆ, ಟರ್ಫ್‌ನಲ್ಲಿ ಓಡುವ ವೇಗ ಬೇರೆ. ಮಣ್ಣಲ್ಲಿ ಕಲಿತ ಮಗು ಆಯ್ಕೆಯ ದಿನ ಟರ್ಫ್ ಮೇಲೆ ನಿಂತರೆ ಚೆಂಡು ನಿಲ್ಲಿಸುವುದೇ ಕಷ್ಟ. ಟರ್ಫ್ ಹಾಕಿಸುವುದಕ್ಕೆ ಕೋಟಿಗಟ್ಟಲೆ ಬೇಕು. ಹಾಕಿದ ಮೇಲೂ ನೀರು ಹಾಯಿಸುವ ಮೋಟರ್ ಸರಿಯಾಗಿರಬೇಕು, ನಮ್ಮ ಮಳೆಗಾಲಕ್ಕೆ ಚರಂಡಿ ಸರಿಯಾಗಿರಬೇಕು, ಪಾಚಿ ಉಜ್ಜಬೇಕು. ಇದು ಯಾವ ಅಪ್ಪ ಅಮ್ಮನ ಕೈಲೂ ಆಗುವ ಕೆಲಸ ಅಲ್ಲ. ಸರ್ಕಾರವೇ ಮಾಡಬೇಕು. ಆದರೆ ನಿಮ್ಮವರಿಗೆ ಶಂಕುಸ್ಥಾಪನೆಗೆ ಹಣ ಸಿಗುತ್ತದೆ, ಮೋಟರ್ ರಿಪೇರಿಗೆ ಸಿಗುವುದಿಲ್ಲ. ಕಲ್ಲಿನ ಮೇಲೆ ಹೆಸರು ಬರುತ್ತದೆ, ಮೋಟರ್ ಮೇಲೆ ಬರುವುದಿಲ್ಲ. ಕಾಫಿ ಗಿಡ ನೆಟ್ಟು, ಚಿಗುರು ತೆಗೆಯದೆ, ಕಳೆ ಕೀಳದೆ ಬಿಟ್ಟು ಫಸಲು ಕೇಳಿದ ಹಾಗೆ ಇದು.

ಕ್ರೀಡೆ ಕೇಂದ್ರದ್ದು, ದೆಹಲಿಗೆ ಬರೆಯಿರಿ ಎಂದು ನನಗೆ ಒಬ್ಬರು ಹೇಳಿದರು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕ್ರೀಡೆ ರಾಜ್ಯ ಪಟ್ಟಿಯಲ್ಲಿದೆ, 33ನೇ ನಮೂದು. ಇದು ನಿಮ್ಮ ಇಲಾಖೆಯ ಕೆಲಸ.

ಒಂದು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಇದೆ. 2018ರಿಂದ ದೇಶದ ಹಾಕಿ ತಂಡಗಳ ಪ್ರಾಯೋಜಕತ್ವ ಒಂದು ರಾಜ್ಯ ಸರ್ಕಾರದ್ದು. 2018ರಲ್ಲೂ 2023ರಲ್ಲೂ ಪುರುಷರ ವಿಶ್ವಕಪ್ ಅಲ್ಲೇ ನಡೆಯಿತು. ರೂರ್ಕೆಲಾದಲ್ಲಿ ದೊಡ್ಡ ಕ್ರೀಡಾಂಗಣ ಎದ್ದಿತು. ಸುಂದರ್‌ಗಢ ಜಿಲ್ಲೆಯ 17 ಬ್ಲಾಕ್‌ಗಳಿಗೂ ಟರ್ಫ್ ಕೊಡುವ ಯೋಜನೆ ಮಾಡಿದರು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಲ್ಲಿ ಹಾಕಿ ಹಾಸ್ಟೆಲ್‌ಗಳಿದ್ದವು. ಮೂರು ಒಲಿಂಪಿಕ್ಸ್ ಆಡಿದ ದಿಲೀಪ್ ಟಿರ್ಕಿ ಆ ಜಿಲ್ಲೆಯವರು. ಭಾರತಕ್ಕೆ ಆಡಿದ ಅಮಿತ್ ರೋಹಿದಾಸ್, ದೀಪ್ ಗ್ರೇಸ್ ಎಕ್ಕಾ ಕೂಡ ಅಲ್ಲಿಯವರೇ. ಆದಿವಾಸಿ ಹಳ್ಳಿಗಳ ಮಕ್ಕಳಿಗೆ ಊಟ, ವಸತಿ, ಕೋಚ್, ಟರ್ಫ್ ಒಟ್ಟಿಗೆ ಸಿಕ್ಕಿತು, ಅವರು ಭಾರತ ತಂಡಕ್ಕೆ ಬಂದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇದು: 2024ರಲ್ಲಿ ಅಲ್ಲಿ ಸರ್ಕಾರ ಬದಲಾಯಿತು, ಬೇರೆ ಪಕ್ಷ ಬಂತು. ಹಾಕಿಯನ್ನು ಮಾತ್ರ ಕೈಬಿಡಲಿಲ್ಲ. ನಮ್ಮಲ್ಲಿ ಸರ್ಕಾರ ಬದಲಾದರೆ ಹಳೆಯ ಫೈಲ್ ತೆರೆಯುವವರೇ ಇಲ್ಲ.

ಕೊಡಗಿಗೆ ಎರಡೇ ವಿಧಾನಸಭಾ ಸ್ಥಾನ, 224ರಲ್ಲಿ ಎರಡು. ನಮ್ಮ ಓಟಿನಿಂದ ಯಾರ ಸರ್ಕಾರವೂ ಬೀಳುವುದಿಲ್ಲ, ನನಗೆ ಗೊತ್ತು. ಆದರೆ ಮಕ್ಕಳ ಆಟವನ್ನು ಓಟಿನ ಲೆಕ್ಕದಲ್ಲಿ ನೋಡಿದರೆ ನಮ್ಮಂಥ ಜಿಲ್ಲೆಗೆ ಯಾವತ್ತೂ ಏನೂ ಬರುವುದಿಲ್ಲ.

ನಿಮ್ಮವರು ಕೊಡವ ಹಾಕಿ ಹಬ್ಬವನ್ನು ತೋರಿಸಬಹುದು. ಹೌದು, ನಮಗೆ ಅದರ ಹೆಮ್ಮೆ ಇದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಹೆಸರು ಕೊಟ್ಟಿದ್ದವು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ ಆಡುತ್ತಾರೆ. ಪ್ರತಿ ವರ್ಷ ಒಂದು ಒಕ್ಕ, ಅಂದರೆ ಒಂದು ಮನೆತನ, ಅದನ್ನು ಹೊತ್ತುಕೊಳ್ಳುತ್ತದೆ. ಸರ್ಕಾರ ಅನುದಾನ ಕೊಡುತ್ತದೆ, ಕೃತಜ್ಞತೆ ಇದೆ. ಆದರೆ ಅದು ಹಬ್ಬ ಸಾರ್. ಕೆಲವು ವಾರ ನಡೆದು ಮುಗಿಯುತ್ತದೆ. ವರ್ಷವಿಡೀ ಕಲಿಸುವ ವ್ಯವಸ್ಥೆ ಅದಲ್ಲ. ಮತ್ತೆ ಅದು ಕುಟುಂಬಗಳ ಹಬ್ಬ. ಐನ್ ಮನೆ, ಅಂದರೆ ಮನೆತನದ ಮೂಲ ಮನೆ, ಇದ್ದವರಿಗೆ ಆಡಲು ಒಂದು ತಂಡ ಇದೆ. ಲೈನ್ ಮನೆಯ ಹುಡುಗಿಗೆ ಯಾವ ತಂಡ ಇದೆ? ಅವಳಿಗೆ ಸರ್ಕಾರಿ ಶಾಲೆ, ಸರ್ಕಾರಿ ಟರ್ಫ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ನನ್ನ ಮಗಳನ್ನು ಸಾಲ ಮಾಡಿಯಾದರೂ ಬೆಂಗಳೂರಿಗೆ ಕಳಿಸಿಯೇನು. ಅವಳನ್ನು ಯಾರು ಕಳಿಸುತ್ತಾರೆ?

ಅವಳ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ನಮ್ಮ ಟರ್ಫ್‌ಗೆ ಗುತ್ತಿಗೆ ಮೇಲೆ ಬಂದಿದ್ದ ಕೋಚ್ ಒಳ್ಳೆಯ ಹುಡುಗ. ಸಂಬಳ ತಿಂಗಳುಗಟ್ಟಲೆ ಬರಲಿಲ್ಲ, ಬಿಟ್ಟು ಹೋದ. ಈಗ ಮಕ್ಕಳು ತಮ್ಮಷ್ಟಕ್ಕೆ ತಾವೇ ಆಡುತ್ತಾರೆ. ಪೆನಾಲ್ಟಿ ಕಾರ್ನರ್ ಅನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುತ್ತಿದ್ದಾರೆ.

ಪದಕ ಗೆದ್ದವರಿಗೆ ಬಹುಮಾನ ಘೋಷಿಸುತ್ತೀರಿ, ಕೊಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ ನಿಂತುಹೋದ ಮಕ್ಕಳ ಬಗ್ಗೆ ಯಾರಾದರೂ ಯೋಚಿಸಬೇಕಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ. ಖಾಯಂ ಕೋಚ್ ಕೊಡಿ. ಮೂರು ತಿಂಗಳ ಗುತ್ತಿಗೆ ಬೇಡ. ನಿರ್ವಹಣೆಯ ಹಣವನ್ನು ಪ್ರತಿ ವರ್ಷ ಬಜೆಟ್‌ನಲ್ಲಿ ಬೇರೆಯಾಗಿಯೇ ಇಡಿ, ಯಾರ ಸರ್ಕಾರ ಬಂದರೂ ನಿಲ್ಲದ ಹಾಗೆ. ಟರ್ಫ್ ಮೇಲೆ ಯಾವ ಪಕ್ಷದ ಕಾರ್ಯಕ್ರಮವೂ ನಡೆಯಬಾರದು ಎಂದು ಲಿಖಿತ ಆದೇಶ ಮಾಡಿ, ಅದನ್ನು ಗೇಟಿನ ಮೇಲೆ ಅಂಟಿಸಿ. ಆಗ ವಾಚ್‌ಮನ್‌ಗೂ ತೋರಿಸಲು ಒಂದು ಕಾಗದ ಇರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಮೇಲೆ ಟರ್ಫ್ ರಿಪೇರಿ ಆಗುವುದಿಲ್ಲ, ಇನ್ನೊಂದು ವರ್ಷ ಹೋಗುತ್ತದೆ. ಗೆಳತಿಯ ಕೈ ವಾಸಿಯಾಗಿದೆ, ಅವಳು ಮತ್ತೆ ಆಡಲು ಶುರು ಮಾಡಿದ್ದಾಳೆ. ಮುಂದಿನ ಆಯ್ಕೆಗೆ ಅವಳಿಗೆ ವಯಸ್ಸಿನ ಮಿತಿ ಇನ್ನೂ ದಾಟಿಲ್ಲ. ಮಳೆಗೆ ಮುಂಚೆ ರಿಪೇರಿ ಮಾಡಿಸಿ, ಕೋಚ್ ಕಳಿಸಿ. ಲಿಖಿತ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಹಾಕಿ ಆಡುವ ಮಗಳ ತಾಯಿ,
ಕೊಡಗು