ಗಲರಾಗ ದಾಖಲೆ ತಿದ್ದಲು ಅಡ್ಡಿಯೇನು?

ಮಾನ್ಯರೆ,

ಅಂಪೈರ್ ಒಬ್ಬರ ತಪ್ಪು ತೀರ್ಪಿನಿಂದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಅರ್ಮಾಂಡೊ ಗಲರಾಗ 2010ರಲ್ಲಿ ಕಳೆದುಕೊಂಡ ದಾಖಲೆಯನ್ನು ತಿದ್ದಬೇಕು ಎಂಬುದು ನನ್ನ ವಾದ. ಅದಕ್ಕೆ ಮೊದಲು ಹೋಲಿಕೆಗಾಗಿ ಗಾಲ್ಫ್‌ನ ಮಾತು. ಗಾಲ್ಫ್‌ನ ನಿಯಮಗಳು ವಿಪರೀತ, ಅವುಗಳಿಂದ ಒಳ್ಳೆಯ ಆಟಗಾರರಿಗೆ ಅನ್ಯಾಯವಾಗುತ್ತದೆ ಎನ್ನುವವರು ತಪ್ಪದೆ ಎತ್ತುವ ಪ್ರಸಂಗ 1968ರ ಮಾಸ್ಟರ್ಸ್ ಟೂರ್ನಿಯದು. ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಕೊನೆಯ ದಿನ 65 ಹೊಡೆತಗಳಲ್ಲಿ ಸುತ್ತು ಮುಗಿಸಿದರು. ಅಂದು ಅವರ 45ನೇ ಹುಟ್ಟುಹಬ್ಬ. 17ನೇ ಹೋಲ್‌ಗೆ ಅವರು ತೆಗೆದುಕೊಂಡದ್ದು ಮೂರೇ ಹೊಡೆತ. ಜೊತೆಗೆ ಆಡುತ್ತಿದ್ದ ಟಾಮಿ ಆರನ್ ಸ್ಕೋರ್‌ಕಾರ್ಡಿನಲ್ಲಿ ನಾಲ್ಕು ಎಂದು ಬರೆದರು, ಡಿ ವಿಸೆಂಜೊ ಸರಿಯಾಗಿ ನೋಡದೆ ಸಹಿ ಹಾಕಿದರು. ಸಹಿ ಬಿದ್ದ ಮೇಲೆ, ಹೆಚ್ಚು ಬರೆದಿದ್ದರೆ ಅದೇ ಖಾಯಂ. 65 ಹೋಗಿ 66 ಆಯಿತು. ಬಾಬ್ ಗೋಲ್ಬಿ ಒಂದು ಹೊಡೆತದ ಅಂತರದಿಂದ ಗೆದ್ದರು.

ನನಗೆ ಆ ತೀರ್ಮಾನ ಸರಿ ಎನಿಸುತ್ತದೆ. ಪ್ರತಿ ಆಟಗಾರನ ಬೆನ್ನ ಹಿಂದೆಯೂ ಅಂಪೈರ್ ನಿಲ್ಲದ ಆಟ ಅದು, ಅವರವರ ಲೆಕ್ಕಕ್ಕೆ ಅವರವರೇ ಹೊಣೆ. 1925ರ ಯು.ಎಸ್. ಓಪನ್‌ನಲ್ಲಿ ಚೆಂಡು ಅಲುಗಿತೆಂದು ಬಾಬಿ ಜೋನ್ಸ್ ತಾವೇ ಹೇಳಿ ದಂಡ ಹಾಕಿಸಿಕೊಂಡರು, ಕೊನೆಗೆ ಪ್ಲೇ-ಆಫ್‌ನಲ್ಲಿ ಸೋತರು. ಅಲ್ಲದೆ, ಡಿ ವಿಸೆಂಜೊ ಅವರ ಕಾರ್ಡನ್ನು ತಿದ್ದಿದ್ದರೆ ಗೋಲ್ಬಿ ಕೈಗೆ ಬಂದ ಪಟ್ಟ ಮತ್ತೆ ಪಣಕ್ಕೆ ಬೀಳುತ್ತಿತ್ತು. ಏನೂ ತಪ್ಪು ಮಾಡದ ಆ ಮನುಷ್ಯನಿಗೆ ಬೈಗುಳದ ಪತ್ರಗಳು ಬಂದವು ಎನ್ನುವುದೇ ನನಗೆ ಹೆಚ್ಚು ನೋವಿನ ಸಂಗತಿ. ಗಾಲ್ಫ್ ತನ್ನ ತಪ್ಪನ್ನು ತಿದ್ದಿಕೊಳ್ಳುವುದೇ ಇಲ್ಲ ಎನ್ನುವಂತೆಯೂ ಇಲ್ಲ. 2017ರಲ್ಲಿ ಟಿ.ವಿ. ನೋಡಿದವರೊಬ್ಬರ ಇ-ಮೇಲ್ ಆಧರಿಸಿ ಲೆಕ್ಸಿ ಥಾಂಪ್ಸನ್ ಅವರಿಗೆ ಮರುದಿನ ಆಟದ ಮಧ್ಯೆ ನಾಲ್ಕು ಹೊಡೆತಗಳ ದಂಡ ಬಿತ್ತು. 2018ರಿಂದ ಅಂಥ ದೂರುಗಳನ್ನು ಪರಿಗಣಿಸುವುದನ್ನೇ ನಿಲ್ಲಿಸಿದರು.

ನನ್ನ ತಕರಾರು ಇರುವುದು ಬೇಸ್‌ಬಾಲ್ ಮೇಲೆ. ಎದುರಾಳಿಯ 27 ಮಂದಿಯಲ್ಲಿ ಒಬ್ಬನೂ ಮೊದಲ ಬೇಸ್ (ಚೆಂಡು ಹೊಡೆದವನು ಮೊದಲು ಓಡಿ ತಲುಪಬೇಕಾದ ಜಾಗ) ಮುಟ್ಟದಂತೆ ಪಿಚರ್ ಪಂದ್ಯ ಮುಗಿಸಿದರೆ ಅದು 'ಪರ್ಫೆಕ್ಟ್ ಗೇಮ್'. 1880ರಿಂದ ಇಂದಿನವರೆಗೆ ಅಮೆರಿಕದ ಮೇಜರ್ ಲೀಗ್‌ನಲ್ಲಿ ಅಂಥವು 24 ಮಾತ್ರ. 2010ರ ಜೂನ್ 2ರಂದು ಡೆಟ್ರಾಯ್ಟ್ ಟೈಗರ್ಸ್ ತಂಡದ ಅರ್ಮಾಂಡೊ ಗಲರಾಗ 26 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದರು. 27ನೆಯವರಾದ ಜೇಸನ್ ಡೊನಾಲ್ಡ್ ಹೊಡೆದ ಚೆಂಡು ಮೊದಲ ಬೇಸ್‌ನಲ್ಲಿದ್ದ ಗಲರಾಗ ಕೈಗೆ ಅವರಿಗಿಂತ ಸ್ಪಷ್ಟವಾಗಿ ಮೊದಲೇ ಬಂತು. ಅಂದರೆ ಡೊನಾಲ್ಡ್ ಔಟ್. ಆದರೆ ಅಂಪೈರ್ ಜಿಮ್ ಜಾಯ್ಸ್ 'ಸೇಫ್' (ಔಟಲ್ಲ) ಎಂದರು. 1999ರಲ್ಲಿ ದೆಹಲಿಯಲ್ಲಿ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದಾಗ ಅಂಪೈರ್ ನಾಟೌಟ್ ಎಂದಿದ್ದರೆ ಕುಂಬ್ಳೆ ಅವರಿಗೆ ಹೇಗಾಗುತ್ತಿತ್ತೋ ಊಹಿಸಿಕೊಳ್ಳಿ. ಗಲರಾಗ ಒಂದು ಮುಗುಳ್ನಗೆ ಬೀರಿ ಮುಂದಿನವರನ್ನು ಔಟ್ ಮಾಡಿದರು. ಜಾಯ್ಸ್ ಅಂದೇ ವಿಡಿಯೊ ನೋಡಿ ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು. ಆದರೂ ಆಗಿನ ಕಮಿಷನರ್ ಬಡ್ ಸೆಲಿಗ್ ತೀರ್ಪನ್ನು ಬದಲಿಸಲಿಲ್ಲ.

ಹಳೆಯ ದಾಖಲೆಗಳನ್ನು ಮುಟ್ಟಬಾರದು ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ 1959ರಲ್ಲಿ ಸತತ 36 ಮಂದಿಯನ್ನು ಔಟ್ ಮಾಡಿ 13ನೇ ಇನಿಂಗ್ಸ್‌ನಲ್ಲಿ ಸೋತಿದ್ದರು. 1991ರಲ್ಲಿ ಇದೇ ಲೀಗ್ ಹೊಸ ವ್ಯಾಖ್ಯೆ ಬರೆದು, ಅದೂ ಸೇರಿದಂತೆ ಸುಮಾರು 50 ಸಾಧನೆಗಳನ್ನು 'ನೋ-ಹಿಟ್ಟರ್' (ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪುವ ಅವಕಾಶ, ಸಿಗದ ಪಂದ್ಯ) ಪಟ್ಟಿಯಿಂದ ತೆಗೆದುಹಾಕಿತು. 2024ರಲ್ಲಿ ನೀಗ್ರೊ ಲೀಗ್‌ಗಳ (ಮೇಜರ್ ಲೀಗ್‌ನಿಂದ ಹೊರಗಿಡಲ್ಪಟ್ಟ ಕಪ್ಪು ಆಟಗಾರರು ಆಡುತ್ತಿದ್ದ ಲೀಗ್‌ಗಳು) ಅಂಕಿಅಂಶಗಳನ್ನು ದಾಖಲೆಗೆ ಸೇರಿಸಿತು. ಸ್ಯಾಚೆಲ್ ಪೇಜ್ ಅವರಂಥ ಪಿಚರ್‌ಗೆ ಎಷ್ಟೋ ದಶಕ ತಡವಾಗಿ ಸಲ್ಲಬೇಕಾದದ್ದು ಸಂದಿತು, ಬಹಳ ಒಳ್ಳೆಯ ಕೆಲಸ. ಕಸಿದುಕೊಳ್ಳಲು 32 ವರ್ಷ ಹಿಂದಕ್ಕೆ ಹೋದವರಿಗೆ ಒಂದೇ ದಿನ ಹಿಂದಕ್ಕೆ ಹೋಗಿ ಕೊಡಲು ಆಗಲಿಲ್ಲವೇ?

ಗೋಲ್ಬಿ ಅವರಂತೆ ಇಲ್ಲಿ ಏನನ್ನಾದರೂ ಕಳೆದುಕೊಳ್ಳುವವರು ಯಾರೂ ಇಲ್ಲ. ಪಂದ್ಯವನ್ನು ಟೈಗರ್ಸ್ 3-0ರಿಂದ ಗೆದ್ದಾಗಿದೆ, ಅದು ಬದಲಾಗುವುದಿಲ್ಲ. ಡೊನಾಲ್ಡ್ ಅವರ ಖಾತೆಯಿಂದ ಒಂದು ಹಿಟ್ ಕಳೆಯಬೇಕು, ಅಷ್ಟೇ. ತಪ್ಪು ಮಾಡಿದ ಅಂಪೈರೇ ತಿದ್ದಿ ಎನ್ನುತ್ತಿದ್ದಾರೆ. 2020ರಲ್ಲಿ ಗಲರಾಗ ಸ್ವತಃ ಕೇಳಿಕೊಂಡರು. ಈಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರು ಆ ಪಂದ್ಯವನ್ನು ಪರ್ಫೆಕ್ಟ್ ಗೇಮ್ ಪಟ್ಟಿಗೆ ಸೇರಿಸಬೇಕು, ಅದೂ ಗಲರಾಗ, ಜಾಯ್ಸ್ ಇಬ್ಬರೂ ಬದುಕಿರುವಾಗಲೇ.

ಇಂತಿ,
ಒಬ್ಬ ಕ್ರೀಡಾಭಿಮಾನಿ,
ಬೆಂಗಳೂರು